ಕೈಗಾರಿಕಾ ಘಟಕಗಳಲ್ಲಿ ವಿದ್ಯುತ್ ಉಪಕರಣಗಳ ಮೇಲಿನ ಅಧಿಕ ಹೊರೆ: ಅನುಮತಿಗೆ ಮುನ್ನ ನೋಡಬೇಕಾದ ಲೆಕ್ಕ

ಹಿಟ್ಟಿನ ಗಿರಣಿಯ ಮೋಟಾರು ಚಾಲನೆಗೊಂಡ ಕ್ಷಣದಲ್ಲಿ ಅಕ್ಕಪಕ್ಕದ ಮನೆಗಳ ದೀಪಗಳು ಒಮ್ಮೆ ಮಂಕಾಗಿ ಮತ್ತೆ ಬೆಳಗುವುದನ್ನು ಗ್ರಾಮ ಪಂಚಾಯತಿಯ ಸದಸ್ಯರೆಲ್ಲರೂ ಕಂಡಿರುತ್ತಾರೆ. ಸಣ್ಣ ಸಂಗತಿಯಾದರೂ ಅದರ ಹಿಂದೆ ಒಂದು ಲೆಕ್ಕವಿದೆ. 20 ಅಶ್ವಶಕ್ತಿಯ ಮೂರು ಫೇಸಿನ ಮೋಟಾರು ಪೂರ್ಣ ಹೊರೆಯಲ್ಲಿ ಓಡುವಾಗ ಸುಮಾರು 28 ಆಂಪಿಯರ್ ಪ್ರವಾಹವನ್ನು ಎಳೆದುಕೊಳ್ಳುತ್ತದೆ. ಅದೇ ಮೋಟಾರನ್ನು ನೇರವಾಗಿ ಸ್ವಿಚ್ ಒತ್ತಿ ಎಬ್ಬಿಸಿದರೆ ಮೊದಲ ಕೆಲವು ಸೆಕೆಂಡುಗಳ ಕಾಲ ಅದು ಆರು ಪಟ್ಟು, ಅಂದರೆ 168 ಆಂಪಿಯರಿನ ಆಸುಪಾಸು ಕೇಳುತ್ತದೆ. ಊರಿನ 63 ಕೆ.ವಿ.ಎ. ಟಿ.ಸಿ.ಯು ನಿರಂತರವಾಗಿ ಕೊಡಬಲ್ಲದ್ದು ಪ್ರತಿ ಫೇಸಿಗೆ ಸುಮಾರು 84 ಆಂಪಿಯರ್ ಮಾತ್ರ. ಆದುದರಿಂದಲೇ ದೀಪ ಮಂಕಾಗುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಅಳವಡಿಸಿದ್ದರೆ ಈ ಎಳೆತ ಮೂರನೆಯ ಒಂದು ಭಾಗಕ್ಕೆ, ಅಂದರೆ 56 ಆಂಪಿಯರಿಗೆ ಇಳಿಯುತ್ತಿತ್ತು.

ಯಾವ ಯಂತ್ರ ಎಷ್ಟು ಎಳೆಯುತ್ತದೆ, ಆ ಪ್ರವಾಹ ಯಾವ ಕೇಬಲ್ ಮತ್ತು ಯಾವ ಟಿ.ಸಿ.ಯ ಮೂಲಕ ಬರುತ್ತದೆ, ಆ ಕೇಬಲ್ ಮತ್ತು ಟಿ.ಸಿ. ಅದನ್ನು ತಾಳಬಲ್ಲವೇ ಎಂಬುದನ್ನು ಯಂತ್ರ ಕೂರಿಸುವುದಕ್ಕೆ ಮೊದಲೇ ಕಾಗದದ ಮೇಲೆ ಕಂಡುಕೊಳ್ಳುವುದಕ್ಕೆ ವಿದ್ಯುತ್ ವ್ಯವಸ್ಥೆಯ ವಿಶ್ಲೇಷಣೆ ಎನ್ನುತ್ತಾರೆ. ಹೆಸರು ದೊಡ್ಡದಾಗಿದ್ದರೂ ಸಣ್ಣ ಘಟಕವೊಂದಕ್ಕೆ ಬೇಕಾಗುವುದು ಗುಣಾಕಾರ ಮತ್ತು ಭಾಗಾಕಾರ ಮಾತ್ರ.

ಈ ವಿಷಯ ಪಂಚಾಯತಿಗೆ ಸಂಬಂಧಿಸಿದ್ದೇ ಎಂಬ ಪ್ರಶ್ನೆ ಸಹಜ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 66ನೇ ಪ್ರಕರಣದ ಮೇರೆಗೆ, ವಿದ್ಯುತ್ ಅಥವಾ ಯಾಂತ್ರಿಕ ಶಕ್ತಿಯಿಂದ ನಡೆಯುವ ಕಾರ್ಖಾನೆಯನ್ನು ಕಟ್ಟಲು ಮಾತ್ರವಲ್ಲದೆ, ನಿಯಮಗಳ ಮೂಲಕ ವಿನಾಯಿತಿ ಪಡೆಯದ ಯಂತ್ರಗಳನ್ನು ಯಾವುದೇ ಆವರಣದಲ್ಲಿ ಸ್ಥಾಪಿಸಲು ಸಹ ಗ್ರಾಮ ಪಂಚಾಯತಿಯ ಅನುಮತಿ ಅಗತ್ಯ. ಈ ಎರಡನೆಯ ಮಾತು ಹೆಚ್ಚಾಗಿ ಮರೆತುಹೋಗುತ್ತದೆ. ಗಿರಣಿ ಕಟ್ಟುವಾಗ ಕಡತ ಬರುತ್ತದೆ, ಸಭೆಯಲ್ಲಿ ಚರ್ಚೆಯಾಗುತ್ತದೆ, ಠರಾವು ಆಗುತ್ತದೆ. ಐದು ವರ್ಷಗಳಲ್ಲಿ ಒಂದೊಂದಾಗಿ ಸೇರಿದ ಯಂತ್ರಗಳ ವಿಚಾರ ಸಭೆಯ ಮುಂದೆ ಬರುವುದೇ ಇಲ್ಲ. ಅಧಿಕ ಹೊರೆ ಹುಟ್ಟುವುದು ಬಹುಮಟ್ಟಿಗೆ ಹೀಗೆ ಸದ್ದಿಲ್ಲದೆ ಸೇರಿದ ಯಂತ್ರಗಳಿಂದಲೇ ಹೊರತು ಮೊದಲ ವಿನ್ಯಾಸದಿಂದಲ್ಲ.

ತುಂಗಭದ್ರಾ ಅಚ್ಚುಕಟ್ಟು ಪ್ರದೇಶದ ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆಯಲ್ಲಿ ಅಕ್ಕಿ ಗಿರಣಿಗಳು ಸಾಲುಗಟ್ಟಿವೆ. ಅಂತಹ ಗಿರಣಿಯೊಂದನ್ನು ಉದಾಹರಣೆಗೆಂದು ಕಲ್ಪಿಸಿಕೊಳ್ಳೋಣ. ಗಿರಣಿಯು 11 ಕಿಲೋವೋಲ್ಟ್ ಮಾರ್ಗದಿಂದ ವಿದ್ಯುತ್ ಪಡೆದು ಸ್ವಂತ 250 ಕೆ.ವಿ.ಎ. ಟಿ.ಸಿ. ಇಟ್ಟುಕೊಂಡಿದೆ. ಆರಂಭದಲ್ಲಿ ಭತ್ತ ಸುಲಿಯುವ ಯಂತ್ರ, ಪಾಲಿಶರ್, ಎಲಿವೇಟರ್, ಗಾಳಿಯಂತ್ರ ಎಲ್ಲವೂ ಸೇರಿ 200 ಅಶ್ವಶಕ್ತಿ. ಒಂದು ಅಶ್ವಶಕ್ತಿಗೆ 0.746 ಕಿಲೋವ್ಯಾಟ್‌ನಂತೆ ಇದು 149 ಕಿಲೋವ್ಯಾಟ್. ಎಲ್ಲ ಯಂತ್ರಗಳೂ ಏಕಕಾಲಕ್ಕೆ ಪೂರ್ಣ ಹೊರೆಯಲ್ಲಿ ಓಡುವುದಿಲ್ಲವಾದ್ದರಿಂದ ಶೇಕಡ 80ರಷ್ಟು ಎಂದು ಹಿಡಿದರೆ 119 ಕಿಲೋವ್ಯಾಟ್. ಮೋಟಾರಿನ ದಕ್ಷತೆ ಶೇಕಡ 90 ಎಂದಾದರೆ ಮೋಟಾರುಗಳು ಒಳಗೆಳೆದುಕೊಳ್ಳುವುದು ಸುಮಾರು 133 ಕಿಲೋವ್ಯಾಟ್. ಇದನ್ನು ಪವರ್ ಫ್ಯಾಕ್ಟರ್ 0.8ರಿಂದ ಭಾಗಿಸಿದರೆ 166 ಕೆ.ವಿ.ಎ. 250ರ ಟಿ.ಸಿ.ಯ ಮೇಲೆ 166ರ ಹೊರೆ. ಮೂರರಲ್ಲಿ ಎರಡು ಪಾಲು. ಇದು ಒಳ್ಳೆಯ ವಿನ್ಯಾಸ.

ಕಿಲೋವ್ಯಾಟ್ ಮತ್ತು ಕೆ.ವಿ.ಎ. ಒಂದೇ ಅಲ್ಲ ಎಂಬುದನ್ನು ಇಲ್ಲಿ ಗಮನಿಸತಕ್ಕದ್ದು. ನಿಜವಾಗಿ ಕೆಲಸ ಮಾಡುವುದು ಕಿಲೋವ್ಯಾಟ್. ಆದರೆ ಮೋಟಾರು ತನ್ನೊಳಗೆ ಕಾಂತಕ್ಷೇತ್ರವನ್ನು ಉಂಟುಮಾಡಿಕೊಳ್ಳಲು ಹೆಚ್ಚುವರಿ ಪ್ರವಾಹವನ್ನು ತರಿಸಿಕೊಂಡು ಹಿಂದಿರುಗಿಸುತ್ತಿರುತ್ತದೆ. ಅದರಿಂದ ಒಂದು ಕಾಳು ಭತ್ತವೂ ಸುಲಿಯುವುದಿಲ್ಲ. ಆದರೂ ಅದು ಹಾದು ಬರುವ ತಂತಿ ಬಿಸಿಯಾಗುತ್ತದೆ. ಟಿ.ಸಿ.ಯ ಮೇಲೆ ಕಿಲೋವ್ಯಾಟ್ ಬರೆಯದೆ ಕೆ.ವಿ.ಎ. ಬರೆಯುವುದು ಇದೇ ಕಾರಣಕ್ಕೆ. ಅರ್ಜಿಯಲ್ಲಿ ಅಶ್ವಶಕ್ತಿಯನ್ನಷ್ಟೇ ನಮೂದಿಸಿ ಪವರ್ ಫ್ಯಾಕ್ಟರನ್ನು ಬಿಟ್ಟಿದ್ದರೆ ಆ ಲೆಕ್ಕ ಅರ್ಧದಲ್ಲೇ ನಿಂತಿದೆ ಎಂದು ತಿಳಿಯಬೇಕು.

ಐದು ವರ್ಷಗಳ ನಂತರ ಅದೇ ಗಿರಣಿಯನ್ನು ನೋಡೋಣ. 60 ಅಶ್ವಶಕ್ತಿಯ ಡ್ರೈಯರ್ ಬಂದಿದೆ. 50 ಅಶ್ವಶಕ್ತಿಯ ಎರಡನೆಯ ಪಾಲಿಶರ್ ಬಂದಿದೆ. ಬಣ್ಣಗೆಟ್ಟ ಕಾಳು ಬೇರ್ಪಡಿಸುವ ಯಂತ್ರ ಮತ್ತು ಅದರ ಕಂಪ್ರೆಸರ್ ಸೇರಿ ಇನ್ನೊಂದು 30. ಒಟ್ಟು 340 ಅಶ್ವಶಕ್ತಿ, ಅಂದರೆ 254 ಕಿಲೋವ್ಯಾಟ್. ಸುಗ್ಗಿಯಲ್ಲಿ ಹಗಲಿರುಳೂ ಗಿರಣಿ ಓಡುವಾಗ ಶೇಕಡ 90ರಷ್ಟು ಯಂತ್ರಭಾರ ಒಟ್ಟಿಗೇ ಬೀಳುತ್ತದೆ. ಅದೇ ದಕ್ಷತೆ, ಅದೇ ಪವರ್ ಫ್ಯಾಕ್ಟರ್ ಹಿಡಿದು ಲೆಕ್ಕ ಹಾಕಿದರೆ ಹೊರೆ 317 ಕೆ.ವಿ.ಎ. ಇದು ಟಿ.ಸಿ.ಯ ಸಾಮರ್ಥ್ಯದ ಶೇಕಡ 127.

ಆಗ ಏನಾಗುತ್ತದೆ? ಮೊದಲ ದಿನ ಏನೂ ಆಗುವುದಿಲ್ಲ. ಅಧಿಕ ಹೊರೆಯ ಅಪಾಯವಿರುವುದೇ ಇಲ್ಲಿ. ಸೇತುವೆಯ ಮೇಲೆ ಭಾರ ಹೆಚ್ಚಾದರೆ ಬಿರುಕು ಕಾಣಿಸೀತು, ಟಿ.ಸಿ.ಯಲ್ಲಿ ಕಾಣಿಸುವುದು ಬಿಸಿಯಾದ ಎಣ್ಣೆ, ಅದೂ ತಾಪಮಾಪಕವಿದ್ದು ಅದನ್ನು ಯಾರಾದರೂ ನೋಡಿದರೆ ಮಾತ್ರ. ಸುರುಳಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಪ್ರವಾಹ ಶೇಕಡ 27 ಹೆಚ್ಚಾದರೆ ಶಾಖ ಶೇಕಡ 60ಕ್ಕೂ ಮಿಕ್ಕಿ ಹೆಚ್ಚುತ್ತದೆ. ಸುರುಳಿಗಳಿಗೆ ಸುತ್ತಿರುವುದು ಎಣ್ಣೆಯಲ್ಲಿ ನೆನೆದ ಕಾಗದ. ಸುರುಳಿಯ ಅತ್ಯಂತ ಬಿಸಿಯಾದ ಬಿಂದುವಿನ ಉಷ್ಣತೆಯು 98 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ 6 ಡಿಗ್ರಿಗೆ ಈ ಕಾಗದ ಹಳಸುವ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ ಎಂಬುದು ಪರಿವರ್ತಕ ಶಾಸ್ತ್ರದಲ್ಲಿ ಒಪ್ಪಿತವಾದ ಲೆಕ್ಕ. 12 ಡಿಗ್ರಿ ಹೆಚ್ಚಾದರೆ ನಾಲ್ಕು ಪಟ್ಟು, 18 ಡಿಗ್ರಿ ಹೆಚ್ಚಾದರೆ ಎಂಟು ಪಟ್ಟು. ಒಮ್ಮೆ ಸುಟ್ಟ ಕಾಗದ ಹೊರೆ ಇಳಿಸಿದ ಮಾತ್ರಕ್ಕೆ ಮತ್ತೆ ಚಿಗುರುವುದಿಲ್ಲ. ಹಿಂದಿನ ಸುಗ್ಗಿಗಳಲ್ಲಿ ಆದ ಹಾನಿ ಹಾಗೆಯೇ ಉಳಿದಿದ್ದು, ಮುಂದೊಂದು ಸುಗ್ಗಿಯಲ್ಲಿ ಟಿ.ಸಿ. ಕೈಕೊಡುತ್ತದೆ. ಆ ದಿನ ಓಡಿಸುತ್ತಿದ್ದ ಆಪರೇಟರನ ಮೇಲೆ ತಪ್ಪು ಹೊರಿಸುವುದು ವಾಡಿಕೆ. ಅದು ನ್ಯಾಯವಲ್ಲ.

ಬೇಸಿಗೆಯ ಬೆಳೆ ಗಿರಣಿಗೆ ಬರುವ ಏಪ್ರಿಲ್-ಮೇ ತಿಂಗಳಲ್ಲಿ ಈ ಸೀಮೆಯ ಬಿಸಿಲು 40 ಡಿಗ್ರಿ ದಾಟುವುದರಿಂದ ಟಿ.ಸಿ.ಯ ಶಾಖ ಹೊರಹೋಗಲು ದಾರಿ ಕಡಿಮೆ. ಕೇಬಲ್‌ಗಳ ಪಾಡೂ ಅದೇ. ಪಿ.ವಿ.ಸಿ. ಹೊದಿಕೆಯ ಕೇಬಲ್ಲಿನ ತಂತಿ 70 ಡಿಗ್ರಿಯವರೆಗೆ, ಎಕ್ಸ್.ಎಲ್.ಪಿ.ಇ. ಹೊದಿಕೆಯದು 90 ಡಿಗ್ರಿಯವರೆಗೆ ನಿರಂತರವಾಗಿ ತಾಳುತ್ತದೆ. ಕೇಬಲ್ ಮಾರುವವರ ಪಟ್ಟಿಯಲ್ಲಿರುವ ಆಂಪಿಯರುಗಳು ಗಾಳಿಯಾಡುವ ಜಾಗದಲ್ಲಿ ಒಂಟಿಯಾಗಿ ಹಾಯ್ದ ಕೇಬಲ್ಲಿಗೆ ಅನ್ವಯಿಸುವಂಥವು. ಗಿರಣಿಯಲ್ಲಿ ಆರೆಂಟು ಕೇಬಲ್‌ಗಳು ಒಂದೇ ಕಾಲುವೆಯಲ್ಲಿ ಒತ್ತಾಗಿ ಮಲಗಿರುತ್ತವೆ, ಮೇಲೆ ಉಮಿ ಮತ್ತು ತೌಡಿನ ಧೂಳು ಗೇಣುದ್ದ ಕೂತಿರುತ್ತದೆ. ಧೂಳು ಕಂಬಳಿಯಂತೆ ಶಾಖವನ್ನು ಹಿಡಿದಿಡುವುದಲ್ಲದೆ, ತಾನೇ ಹೊತ್ತಿಕೊಳ್ಳಬಲ್ಲದು. ಅನೇಕ ಗಿರಣಿಗಳಲ್ಲಿ ಹಮಾಲರು ಚೀಲಗಳ ರಾಶಿಯ ಪಕ್ಕದಲ್ಲೇ ರಾತ್ರಿ ಮಲಗುತ್ತಾರೆ. ಆದಕಾರಣ ಪಂಚಾಯತಿ ಇದನ್ನು ಗಿರಣಿಯ ಮಾಲೀಕರ ಲಾಭನಷ್ಟದ ವಿಷಯವೆಂದು ಬಿಟ್ಟುಬಿಡಲಾಗದು.

ಹಳ್ಳಿಯ ಕಡೆ ಇದಕ್ಕೆ ಕೂಡಿಕೊಳ್ಳುವ ಇನ್ನೊಂದು ತೊಂದರೆ ವೋಲ್ಟೇಜ್ ಕುಸಿತ. ವೋಲ್ಟೇಜ್ ಶೇಕಡ 10 ಇಳಿದರೆ ಮೋಟಾರು ತನ್ನ ಕೆಲಸವನ್ನು ಕಡಿಮೆ ಮಾಡುವುದಿಲ್ಲ. ಅದೇ ಕೆಲಸಕ್ಕೆ ಸುಮಾರು ಶೇಕಡ 11ರಷ್ಟು ಹೆಚ್ಚು ಪ್ರವಾಹ ಎಳೆಯುತ್ತದೆ, ಸುರುಳಿಯ ಶಾಖ ಶೇಕಡ 23ರಷ್ಟು ಏರುತ್ತದೆ. ಒಂದು ಫೇಸಿನ ಫ್ಯೂಸ್ ಹೋಗಿ ಮೋಟಾರು ಎರಡೇ ಫೇಸಿನ ಮೇಲೆ ಓಡಿದರೆ ಉಳಿದ ತಂತಿಗಳಲ್ಲಿ ಪ್ರವಾಹ ಸುಮಾರು 1.73 ಪಟ್ಟು ಆಗುತ್ತದೆ. ಪಂಪ್‌ಸೆಟ್ ಸುಟ್ಟುಕೊಂಡ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬ್ರೇಕರ್ ಇದೆಯಲ್ಲ, ಅದು ಕಾಯುವುದಿಲ್ಲವೇ ಎಂದು ಕೇಳಬಹುದು. ನಮ್ಮ ಉದಾಹರಣೆಯ 250 ಕೆ.ವಿ.ಎ. ಟಿ.ಸಿ.ಯ ಪೂರ್ಣ ಪ್ರವಾಹ 333 ಆಂಪಿಯರ್. ಅದಕ್ಕೆ 400 ಆಂಪಿಯರಿನ ಬ್ರೇಕರ್ ಹಾಕಿ, ಅದರ ಹೊಂದಾಣಿಕೆಯ ಗುಂಡಿಯನ್ನು 0.8ಕ್ಕೆ, ಅಂದರೆ 320 ಆಂಪಿಯರಿಗೆ ಇಡಲಾಗಿದೆ ಎನ್ನೋಣ. ಸುಗ್ಗಿಯ 317 ಕೆ.ವಿ.ಎ. ಹೊರೆಯಲ್ಲಿ 423 ಆಂಪಿಯರ್ ಹರಿದಾಗ ಬ್ರೇಕರ್ ಎರಡು ಗಂಟೆಯೊಳಗೆ ಬಿಡುತ್ತದೆ. ಗಿರಣಿ ನಿಲ್ಲುತ್ತದೆ, ಲಾರಿಗಳು ಕಾಯುತ್ತವೆ. ಯಾರೋ ಒಬ್ಬರು ಸ್ಕ್ರೂಡ್ರೈವರ್ ತೆಗೆದುಕೊಂಡು ಗುಂಡಿಯನ್ನು 1ಕ್ಕೆ ತಿರುಗಿಸುತ್ತಾರೆ. 400ರ ಮೇಲೆ 423 ಎಂದರೆ ಕೇವಲ ಶೇಕಡ 6 ಹೆಚ್ಚು; ಬ್ರೇಕರ್ ಬಿಡದೆಯೇ ಇರಬಹುದು. ಸಮಸ್ಯೆ ಬಗೆಹರಿಯಿತು ಎಂದು ಎಲ್ಲರಿಗೂ ಅನ್ನಿಸುತ್ತದೆ. ವಾಸ್ತವದಲ್ಲಿ ಕಾವಲುಗಾರನನ್ನು ಮನೆಗೆ ಕಳುಹಿಸಿದಂತಾಯಿತು. ಸಣ್ಣ ಗಿರಣಿಗಳಲ್ಲಿ ಫ್ಯೂಸಿಗೆ ಎರಡೆಳೆ ಹೆಚ್ಚಿಗೆ ತಂತಿ ಸುತ್ತುವುದೂ ಇದೇ ಜಾತಿಯ ಕೆಲಸ. ವ್ಯವಸ್ಥೆಯಲ್ಲಿ ಅತ್ಯಂತ ದುರ್ಬಲವಾಗಿರಬೇಕಾದದ್ದು ಫ್ಯೂಸ್. ಅದನ್ನು ಬಲಪಡಿಸಿದರೆ ಸುಡುವ ಸರದಿ ಕೇಬಲ್ಲಿಗೋ ಟಿ.ಸಿ.ಗೋ ಬರುತ್ತದೆ.

ಹಾಗಾದರೆ ದೊಡ್ಡ ಟಿ.ಸಿ. ತರಿಸುವುದೊಂದೇ ದಾರಿಯೇ? ಲೆಕ್ಕ ಬೇರೆಯದನ್ನು ಹೇಳುತ್ತದೆ. ಸುಮಾರು 107 ಕೆ.ವಿ.ಎ.ಆರ್. ಕೆಪಾಸಿಟರುಗಳನ್ನು ಮೋಟಾರುಗಳ ಬಳಿಯಲ್ಲಿ ಅಳವಡಿಸಿ ಪವರ್ ಫ್ಯಾಕ್ಟರನ್ನು 0.8ರಿಂದ 0.95ಕ್ಕೆ ಏರಿಸಿದರೆ, ಅದೇ 254 ಕಿಲೋವ್ಯಾಟ್ ಹೊರೆಗೆ 317ರ ಬದಲು 267 ಕೆ.ವಿ.ಎ. ಸಾಕಾಗುತ್ತದೆ. ಇದರ ಮೇಲೆ, ಡ್ರೈಯರ್ ಓಡುವ ಹೊತ್ತಿನಲ್ಲಿ ಎರಡನೆಯ ಪಾಲಿಶರನ್ನು ನಿಲ್ಲಿಸುವಂತೆ ಸರದಿ ಏರ್ಪಡಿಸಿ ಒಟ್ಟಿಗೆ ಬೀಳುವ ಹೊರೆಯನ್ನು ಶೇಕಡ 90ರಿಂದ 80ಕ್ಕೆ ಇಳಿಸಿದರೆ ಸುಮಾರು 238 ಕೆ.ವಿ.ಎ. ಹಳೆಯ ಟಿ.ಸಿ.ಯೇ ತಾಳುತ್ತದೆ, ಆದರೆ ಇನ್ನೊಂದು ಯಂತ್ರಕ್ಕೆ ಅಲ್ಲಿ ಜಾಗವಿಲ್ಲ. ವಿಶ್ಲೇಷಣೆಯು ಯಾವಾಗಲೂ ಹೆಚ್ಚು ಖರ್ಚನ್ನೇ ಸೂಚಿಸುತ್ತದೆ ಎಂಬ ಭಾವನೆ ಸರಿಯಲ್ಲವೆಂಬುದಕ್ಕೆ ಇದು ನಿದರ್ಶನ.

ಮಾಲೀಕರು ಎರಡನೆಯ 250 ಕೆ.ವಿ.ಎ. ಟಿ.ಸಿ.ಯನ್ನೇ ತಂದು ಮೊದಲನೆಯದರ ಜೊತೆಗೆ ಸಮಾನಾಂತರವಾಗಿ ಜೋಡಿಸಲು ನಿರ್ಧರಿಸಿದರೆ ಹೊಸ ಪ್ರಶ್ನೆಗಳು ಏಳುತ್ತವೆ. ನುರಿತ ಗುತ್ತಿಗೆದಾರರೂ ಎಡವುವುದು ಈ ಹಂತದಲ್ಲಿ. ಪ್ರತಿ ಟಿ.ಸಿ.ಯ ಹೆಸರುಫಲಕದ ಮೇಲೆ ಶೇಕಡವಾರು ಇಂಪಿಡೆನ್ಸ್ ಎಂಬ ಅಂಕಿ ಇರುತ್ತದೆ. ಒಂದರದು 4, ಇನ್ನೊಂದರದು 5 ಇದ್ದರೆ ಹೊರೆ ಸಮನಾಗಿ ಹಂಚಿಹೋಗುವುದಿಲ್ಲ. 4 ಇರುವ ಟಿ.ಸಿ. ಒಟ್ಟು ಹೊರೆಯ ಒಂಬತ್ತರಲ್ಲಿ ಐದು ಪಾಲನ್ನು ಹೊರುತ್ತದೆ. ಕಾಗದದ ಮೇಲೆ 500 ಕೆ.ವಿ.ಎ. ಇದ್ದರೂ ಒಟ್ಟು ಹೊರೆ 450 ತಲುಪುವಷ್ಟರಲ್ಲಿ ಮೊದಲನೆಯದು ತುಂಬಿಹೋಗಿರುತ್ತದೆ.

ಎರಡನೆಯ ಪ್ರಶ್ನೆ ಶಾರ್ಟ್ ಸರ್ಕ್ಯೂಟಿನದು. 4.5 ಶೇಕಡ ಇಂಪಿಡೆನ್ಸಿನ ಒಂದು 250 ಕೆ.ವಿ.ಎ. ಟಿ.ಸಿ.ಯ ಬಾಯಲ್ಲಿ ಮೂರೂ ಫೇಸುಗಳು ತಾಗಿಕೊಂಡರೆ ಹರಿಯಬಹುದಾದ ಪ್ರವಾಹ 333ನ್ನು 0.045ರಿಂದ ಭಾಗಿಸಿದಷ್ಟು, ಸುಮಾರು 7,400 ಆಂಪಿಯರ್. ಎರಡು ಟಿ.ಸಿ. ಜೊತೆಯಾದರೆ ಇದು 14,800ರ ಹತ್ತಿರ ಹೋಗುತ್ತದೆ. ಹಳೆಯ ಫಲಕದಲ್ಲಿರುವ ಬ್ರೇಕರುಗಳು 10,000 ಆಂಪಿಯರನ್ನು ಮಾತ್ರ ಕಡಿದುಹಾಕಬಲ್ಲವಾದರೆ, ನಿನ್ನೆಯವರೆಗೆ ಸುರಕ್ಷಿತವಾಗಿದ್ದ ಫಲಕ ಹೊಸ ಟಿ.ಸಿ. ಬಂದ ದಿನದಿಂದ ಅಪಾಯಕಾರಿ. ಪ್ರವಾಹವನ್ನು ಕಡಿಯಲಾಗದ ಬ್ರೇಕರ್ ಸಿಡಿಯುತ್ತದೆ, ಮುಂದೆ ನಿಂತವರ ಮುಖ ಮತ್ತು ಕೈಗಳು ಸುಡುತ್ತವೆ. ಅಧಿಕ ಹೊರೆಯನ್ನು ನೀಗಿಸಲು ಮಾಡಿದ ಉಪಾಯವೇ ಈ ಅಪಾಯವನ್ನು ತಂದಿರುತ್ತದೆ. ಆದುದರಿಂದ ಹೊರೆಯ ಲೆಕ್ಕದ ಜೊತೆಗೆ ಶಾರ್ಟ್ ಸರ್ಕ್ಯೂಟಿನ ಲೆಕ್ಕವನ್ನೂ ಕೇಳಬೇಕು. ಒಂದಿದ್ದು ಇನ್ನೊಂದಿಲ್ಲದ ಅಧ್ಯಯನ ಅಪೂರ್ಣ.

ಎರಡು ಟಿ.ಸಿ.ಗಳಲ್ಲಿ ಒಂದು ಕೈಬಿಟ್ಟರೆ ಪೂರ್ಣ ಹೊರೆ ಇನ್ನೊಂದರ ಮೇಲೆ ಬೀಳುತ್ತದೆ, ಅದೂ ಬಿಡುತ್ತದೆ. ಈ ಸರಪಳಿ ಎಷ್ಟು ದೊಡ್ಡದಾಗಬಹುದೆಂಬುದನ್ನು ದೇಶವು 2012ರ ಜುಲೈ 30ರಂದು ಕಂಡಿತು. ಅಂದು ಬೆಳಗಿನ ಜಾವ 2.33ಕ್ಕೆ ಮಧ್ಯಪ್ರದೇಶದ 400 ಕಿಲೋವೋಲ್ಟಿನ ಬೀನಾ-ಗ್ವಾಲಿಯರ್ ಮಾರ್ಗ ಕಡಿತಗೊಂಡಿತು. ಮಾರ್ಗದಲ್ಲಿ ತಂತಿ ಹರಿದಿರಲಿಲ್ಲ, ಮರ ಬಿದ್ದಿರಲಿಲ್ಲ. ಹೊರೆ ಅತಿಯಾಗಿ, ವೋಲ್ಟೇಜ್ ಇಳಿದು, ರಕ್ಷಣಾ ರಿಲೇ ಅದನ್ನೇ ದೋಷವೆಂದು ಭಾವಿಸಿತು. ಅದರ ಹೊರೆ ಉಳಿದ ಮಾರ್ಗಗಳಿಗೆ ಸರಿದು ಅವೂ ಒಂದೊಂದಾಗಿ ಕಡಿದು ಉತ್ತರ ಜಾಲ ಕುಸಿಯಿತು. ಮರುದಿನ ಉತ್ತರ, ಪೂರ್ವ ಮತ್ತು ಈಶಾನ್ಯ ಜಾಲಗಳು ಒಟ್ಟಿಗೆ ಕುಸಿದವು. ಕರ್ನಾಟಕವಿರುವ ದಕ್ಷಿಣ ಜಾಲ ಆಗ ಏಕಲಯದಲ್ಲಿ ಅವುಗಳೊಂದಿಗೆ ಸೇರಿರಲಿಲ್ಲವಾದ್ದರಿಂದ ಪಾರಾಯಿತು. 2013ರ ಡಿಸೆಂಬರ್ 31ರಂದು 765 ಕಿಲೋವೋಲ್ಟಿನ ರಾಯಚೂರು-ಸೊಲ್ಲಾಪುರ ಮಾರ್ಗದ ಮೂಲಕ ಅದೂ ಸೇರಿಕೊಂಡಿತು. ಗಿರಣಿಯ ಫಲಕ ಮತ್ತು ರಾಷ್ಟ್ರೀಯ ಜಾಲ ಗಾತ್ರದಲ್ಲಿ ಬೇರೆ, ನಿಯಮದಲ್ಲಿ ಬೇರೆಯಲ್ಲ.

ಮೂರನೆಯ ಅಧ್ಯಯನ ರಕ್ಷಣಾ ಸಾಧನಗಳ ಹೊಂದಾಣಿಕೆ. ಪಾಲಿಶರಿನ ಮೋಟಾರಿನಲ್ಲಿ ದೋಷ ಕಂಡರೆ ಪಾಲಿಶರಿನ ಬ್ರೇಕರ್ ಮಾತ್ರ ಬಿಡಬೇಕು, ಮುಖ್ಯ ಬ್ರೇಕರ್ ಕಾಯಬೇಕು. ಮುಖ್ಯ ಬ್ರೇಕರೇ ಮೊದಲು ಬಿಟ್ಟರೆ ಇಡೀ ಗಿರಣಿ ಕತ್ತಲಾಗುತ್ತದೆ. ಬೇಸತ್ತವರು ಆಗ ಮೇಲೆ ಹೇಳಿದ ಗುಂಡಿಯನ್ನು ತಿರುಗಿಸುತ್ತಾರೆ.

ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳಂತಹ ದೊಡ್ಡ ಘಟಕಗಳಿಗೆ ಕೈಲೆಕ್ಕ ಸಾಲದು. ಕಬ್ಬು ಅರೆಯುವ ಹಂಗಾಮಿನಲ್ಲಿ ಅವು ಸಿಪ್ಪೆ ಉರಿಸಿ ತಾವೇ ವಿದ್ಯುತ್ ಉತ್ಪಾದಿಸಿ ಜಾಲಕ್ಕೆ ಕೊಡುತ್ತವೆ, ಉಳಿದ ಕಾಲದಲ್ಲಿ ಜಾಲದಿಂದ ಪಡೆಯುತ್ತವೆ. ಅದೇ ಟಿ.ಸಿ.ಯಲ್ಲಿ ಪ್ರವಾಹ ಎರಡು ದಿಕ್ಕಿಗೂ ಹರಿಯುವುದರಿಂದ ತಂತ್ರಾಂಶದ ಮೂಲಕ ಪ್ರತಿ ಸನ್ನಿವೇಶವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕಾಗುತ್ತದೆ. ಅದು ತಜ್ಞರ ಕೆಲಸ.

ತಾಂತ್ರಿಕ ತೀರ್ಮಾನ ಪಂಚಾಯತಿಯದಲ್ಲ. ಅಧಿಕ ವೋಲ್ಟೇಜಿನ ಸ್ಥಾವರಗಳನ್ನು ಪರಿಶೀಲಿಸಿ ಒಪ್ಪಿಗೆ ನೀಡತಕ್ಕದ್ದು ವಿದ್ಯುತ್ ಪರಿವೀಕ್ಷಣಾಲಯ. ಹೊರೆ ಮಂಜೂರು ಮಾಡತಕ್ಕದ್ದು ಆಯಾ ಪ್ರದೇಶದ ವಿದ್ಯುತ್ ಸರಬರಾಜು ಕಂಪನಿ. ಆದರೆ ಕಡತದಲ್ಲಿ ಆ ಕಾಗದಗಳಿವೆಯೇ, ಅವುಗಳಲ್ಲಿನ ಅಂಕಿ ಇಂದಿನ ಯಂತ್ರಗಳಿಗೆ ಹೊಂದುತ್ತದೆಯೇ ಎಂದು ಕೇಳಲು ಎಂಜಿನಿಯರಿಂಗ್ ಪದವಿ ಬೇಕಾಗಿಲ್ಲ. ಅರ್ಜಿಯೊಂದಿಗೆ ಏಕರೇಖಾ ನಕ್ಷೆ ಇರಬೇಕು: 11 ಕಿಲೋವೋಲ್ಟ್ ಮಾರ್ಗದಿಂದ ಹಿಡಿದು ಕೊನೆಯ ಮೋಟಾರಿನವರೆಗೆ ಒಂದೇ ಗೆರೆಯಲ್ಲಿ ತೋರಿಸುವ ಹಾಳೆ. ಅದರ ಮೇಲೆ ದಿನಾಂಕ ಮತ್ತು ಪರವಾನಗಿ ಪಡೆದ ಗುತ್ತಿಗೆದಾರರ ಸಹಿ ಇರಬೇಕು. ಸ್ಥಳ ಪರಿಶೀಲನೆಗೆ ಹೋದಾಗ ನಕ್ಷೆಯಲ್ಲಿರುವ ಮೋಟಾರುಗಳನ್ನೂ ನೆಲದ ಮೇಲಿರುವ ಮೋಟಾರುಗಳನ್ನೂ ಎಣಿಸಿದರೆ ಅರ್ಧ ಪರಿಶೀಲನೆ ಮುಗಿದಂತೆ. ಸಂಖ್ಯೆ ಕೂಡದಿದ್ದರೆ ಸೇರಿದ ಯಂತ್ರಗಳಿಗೆ ಪ್ರತ್ಯೇಕ ಅನುಮತಿ ಪಡೆಯಲು ಸೂಚಿಸಿ, ಪರಿಷ್ಕೃತ ಹೊರೆ ಪಟ್ಟಿ ಬರುವವರೆಗೆ ವಿಷಯವನ್ನು ಮುಂದಿನ ಸಭೆಗೆ ಇಡಬಹುದು.

ಇನ್ನೊಂದು ಸುಲಭ ದಾಖಲೆ ವಿದ್ಯುತ್ ಬಿಲ್ಲು. ಅಧಿಕ ವೋಲ್ಟೇಜಿನ ಗ್ರಾಹಕರ ಬಿಲ್ಲಿನಲ್ಲಿ ಒಪ್ಪಂದದ ಬೇಡಿಕೆ, ಆ ತಿಂಗಳು ದಾಖಲಾದ ಗರಿಷ್ಠ ಬೇಡಿಕೆ ಮತ್ತು ಪವರ್ ಫ್ಯಾಕ್ಟರ್ ನಮೂದಾಗಿರುತ್ತವೆ. ದಾಖಲಾದ ಬೇಡಿಕೆಯನ್ನು ಟಿ.ಸಿ.ಯ ಕೆ.ವಿ.ಎ.ಯೊಂದಿಗೆ ಹೋಲಿಸಿದರೆ ಸಾಕು. ಆದರೆ ಆ ಅಂಕಿ ಕೆಲವು ನಿಮಿಷಗಳ ಸರಾಸರಿಯಾದ್ದರಿಂದ ಕ್ಷಣಿಕ ಏರಿಕೆಗಳು ಅದರಲ್ಲಿ ಕಾಣುವುದಿಲ್ಲ. ಬಿಲ್ಲು ಕೇಳುವಾಗ ಇತ್ತೀಚಿನ ತಿಂಗಳದನ್ನಷ್ಟೇ ಕೇಳಬಾರದು. ಆಗಸ್ಟ್ ತಿಂಗಳ ಬಿಲ್ಲಿನಲ್ಲಿ ಗಿರಣಿ ಅರ್ಧ ನಿದ್ದೆಯಲ್ಲಿರುತ್ತದೆ. ನವೆಂಬರ್-ಡಿಸೆಂಬರ್ ಮತ್ತು ಏಪ್ರಿಲ್-ಮೇ ತಿಂಗಳ ಬಿಲ್ಲುಗಳನ್ನು ತರಿಸಬೇಕು; ಟಾಂಗ್ ಟೆಸ್ಟರಿನಿಂದ ಮೂರೂ ಫೇಸಿನ ಪ್ರವಾಹ ಅಳೆಸುವುದಿದ್ದರೆ ಅದನ್ನೂ ಆ ತಿಂಗಳುಗಳಲ್ಲಿ, ಡ್ರೈಯರ್ ಮತ್ತು ಎರಡೂ ಪಾಲಿಶರುಗಳು ಓಡುತ್ತಿರುವ ಹೊತ್ತಿನಲ್ಲಿ, ಪರವಾನಗಿಯುಳ್ಳ ಮೇಲ್ವಿಚಾರಕರಿಂದ ಅಳೆಸಿ ಕಡತಕ್ಕೆ ಸೇರಿಸತಕ್ಕದ್ದು.